ಹಗಲು ಹಾಕಿದ ಬಾಗಿಲು

ಜನವರಿ 8, 2001, ಸೋಮವಾರ

ಇವತ್ತು ಬೆಳಗಾವಿ ಆಫೀಸಿನಲ್ಲಿ ಎಲ್ಲರ ಮುಂದೆ ನನ್ನ ಮಾನ ಹೋಯಿತು. ಜೋಳದ ರೊಟ್ಟಿಯ ದೆಸೆಯಿಂದ ಹೋಯಿತು.

ಹೊಸ ಡೈರಿ, ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ. ಡಾಕ್ಟರುಗಳು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸಿದ್ದನ್ನು ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಪತ್ರ ಟೈಪು ಮಾಡುವುದು ನಮ್ಮ ಕಂಪನಿಯ ಕೆಲಸ. ಮಾಲೀಕರು ಬಾಳಾಸಾಹೇಬರು. ಉಳಿದವರೆಲ್ಲ ಬೆಳಗಾವಿಯಲ್ಲಿ ಕುಳಿತು ಮಾಡುತ್ತಾರೆ. ಖಾನಾಪುರದಲ್ಲಿ ಮನೆಯಲ್ಲೇ ಕುಳಿತು ಮಾಡುವವರು ನಾವಿಬ್ಬರು, ನಾನು ಮತ್ತು ಹಿಂದಿನ ಓಣಿಯ ಶಗುಫ್ತಾ. ಕಂಪನಿ ಕೊಟ್ಟ ಕಂಪ್ಯೂಟರ್ ಇಬ್ಬರ ಮನೆಯಲ್ಲೂ ಇದೆ. ಸೋಮವಾರ ಮಾತ್ರ ಆಫೀಸಿಗೆ ಹೋಗುತ್ತೇವೆ. ಅತ್ತೆ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ದಿನಾ ಬಸ್ಸು ಹತ್ತುವ ಕೆಲಸ ನನಗೆ ಆಗದ ಮಾತು. ಶಗುಫ್ತಾಳ ತಾಯಿ ನೂರಜಹಾನರಿಗೆ ಕಣ್ಣು ಪೂರ್ತಿ ಮಂದ, ಅವಳೂ ಮನೆ ಬಿಡುವಂತಿಲ್ಲ. ಈ ಮಶೀನು ಹೋದರೆ ಇಬ್ಬರ ಕೆಲಸವೂ ಹೋದಂತೆಯೇ.

ಇನ್ನು ರೊಟ್ಟಿಯ ವಿಷಯ. ಕಳೆದ ವಾರ ಬೆಳಗಿನ ಬಸ್ಸಿಗೆ ಎಂದಿನಂತೆ ಎರಡು ಚೀಲ ಕೊಟ್ಟಿದ್ದೆ. ಒಂದರಲ್ಲಿ ನಮ್ಮವರ ಬುತ್ತಿ, ಅದನ್ನು ಕಂಡಕ್ಟರ್ ದಾರಿಯಲ್ಲಿ ಮಚ್ಛೆಯ ಕಾರ್ಖಾನೆ ಗೇಟಿನಲ್ಲಿ ಇಳಿಸುತ್ತಾನೆ. ಇನ್ನೊಂದರಲ್ಲಿ ಟೈಪಾದ ಪತ್ರಗಳ ಫ್ಲಾಪಿ, ಅದು ಬೆಳಗಾವಿಗೆ. ಎರಡೂ ಒಂದೇ ಬಟ್ಟೆಯಲ್ಲಿ ನಾನೇ ಹೊಲಿದ ಚೀಲಗಳು. ಕಂಡಕ್ಟರ್ ಅದಲುಬದಲು ಮಾಡಿದ. ಮಚ್ಛೆಯಲ್ಲಿ ನಮ್ಮವರು ಹಸಿದು ಚೀಲ ತೆರೆದರೆ ಒಳಗೆ ಫ್ಲಾಪಿ. ಬೆಳಗಾವಿಯಲ್ಲಿ ಬಾಳಾಸಾಹೇಬರು ಒಬ್ಬ ದೊಡ್ಡ ಡಾಕ್ಟರ ಎದುರಿಗೇ ತೆರೆದರೆ ರೊಟ್ಟಿ, ಝುಣಕ, ಉಳ್ಳಾಗಡ್ಡಿ.

"ಪ್ರಮಿಳಾತಾಯಿ, ಇದು ಬುತ್ತಿ ಅಲ್ಲ, ಪೇಶಂಟ್ ಮಂದಿ ಗುಟ್ಟು ಐತಿ," ಎಂದರು ಬಾಳಾಸಾಹೇಬರು. "ನಿಮ್ಮ ಮನೆಯವರು ಫ್ಲಾಪಿ ತಿನ್ನಲಿಲ್ಲ, ವಾಪಸ್ ಕೊಟ್ಟರು, ಖರೇ. ಬ್ಯಾರೆಯವರ ಕೈಯಾಗ ಸಿಕ್ಕಿದ್ರ?"

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ರೂಲುಗಳನ್ನು ಹೇಳಿದರು. ಇನ್ನು ಬಸ್ಸಿನಲ್ಲಿ ಏನೂ ಕಳಿಸಕೂಡದು. ಕ್ಯಾಸೆಟ್ಟನ್ನು ಸೋಮವಾರ ನಾವೇ ಒಯ್ಯಬೇಕು, ಪತ್ರ ಫೋನ್ ಲೈನಿನಲ್ಲೇ ಬರಬೇಕು. ಪಾಸ್‌ವರ್ಡ್ ವಾರಕ್ಕೊಮ್ಮೆ ಬದಲಾಗಬೇಕು. ಮನೆಯಲ್ಲಿ ಕೆಲಸಕ್ಕೆ ಕುಳಿತಾಗ ಬಾಗಿಲು ಹಾಕಿರಬೇಕು, ಯಾರಾದರೂ ಬಂದರೆ ಮೊದಲು ಸ್ಕ್ರೀನ್ ಕಪ್ಪು ಮಾಡಬೇಕು. ಖಾನಾಪುರದಿಂದ ಒಂದು ಮಾತು ಹೊರಗೆ ಬಿದ್ದರೂ ಎರಡೂ ಮಶೀನು ವಾಪಸ್. ಎರಡೂ ಮನೆಗೆ ನಾನೇ ಜವಾಬ್ದಾರಿಯಂತೆ, ದೊಡ್ಡವಳೆಂದು.

ಬಸ್ಸಿನಲ್ಲಿ ಬರುವಾಗ ಚೀಲವನ್ನು ಎದೆಗೆ ಅವಚಿಕೊಂಡೇ ಕುಳಿತಿದ್ದೆ. ಕಂಡಕ್ಟರ್ ಇಸಿದುಕೊಳ್ಳಲು ಕೈ ಚಾಚಿದಾಗ ಕೊಡಲಿಲ್ಲ. ಅವನಿಗೆ ಬೇಜಾರಾಗಿರಬೇಕು.

ಜನವರಿ 10, ಬುಧವಾರ

ಬಾಗಿಲು ಹಾಕಿದೆ. ಅದೇ ದೊಡ್ಡ ಸುದ್ದಿಯಾಯಿತು.

ಹಗಲು ಹೊತ್ತು ನಮ್ಮ ಓಣಿಯಲ್ಲಿ ಬಾಗಿಲು ಹಾಕಿದ ಮನೆಯೆಂದರೆ ಊರಿಗೆ ಹೋದವರ ಮನೆ, ಇಲ್ಲವೇ ಆಗಬಾರದ್ದು ಏನೋ ಆದ ಮನೆ. ಹತ್ತು ಗಂಟೆಗೆ ಅಗುಳಿ ಹಾಕಿ ಕುಳಿತಿದ್ದೇನೆ, ಇನ್ನೂ ಒಂದು ಪತ್ರ ಮುಗಿದಿಲ್ಲ, ಪಕ್ಕದ ಮನೆಯ ಭೀಮಕ್ಕ ಬಾಗಿಲು ಬಡಿದಳು. ತೆರೆದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ.

"ಪ್ರಮಿಳಾ, ನಿಮ್ಮತ್ತಿ ಹೆಂಗದಾಳವಾ?"

"ಚೊಲೋ ಅದಾರ್ರಿ. ಅವಲಕ್ಕಿ ತಿನ್ನಾಕತ್ತಾರ."

"ಮತ್ತ ಬಾಗಲಾ ಯಾಕ ಹಾಕಿ? ನನ್ನ ಜೀವ ಹಾರಿ ಹೋಗಿತ್ತು."

ಅವಳ ಹಿಂದೆಯೇ ಎದುರು ಮನೆಯವರು ಬಂದರು. ಮಧ್ಯಾಹ್ನದ ತನಕ ಬಾಗಿಲು ತೆರೆಯುವುದು, ಸ್ಕ್ರೀನ್ ಕಪ್ಪು ಮಾಡುವುದು, ಅತ್ತೆ ಬದುಕಿದ್ದಾರೆಂದು ತೋರಿಸುವುದು, ಇದೇ ಕೆಲಸವಾಯಿತು.

ಅತ್ತೆಗೆ, ಅಂದರೆ ನಮ್ಮ ಶಿವಲಿಂಗವ್ವನವರಿಗೆ, ಮೂಗಿನ ತುದಿಯಲ್ಲಿ ಸಿಟ್ಟು. "ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ಹಗಲ ಬಾಗಲಾ ಹಾಕಿಲ್ಲ. ಹೊರಗ ಒಂದ ನರಪಿಳ್ಳೆ ಮಾರಿ ಕಾಣೂದಿಲ್ಲ. ಈ ಡಬ್ಬಿ ಮುಂದ ಕುಂದರಾಕ ನನ್ನ ಯಾಕ ಜೇಲಿಗೆ ಹಾಕ್ತಿ?" ಎಂದರು. ಅವರ ಮಂಚ ಇರುವುದು ಬಾಗಿಲಿಗೆ ನೇರ. ದಿನವಿಡೀ ಓಣಿ ನೋಡುವುದೇ ಅವರಿಗೆ ಇರುವ ಒಂದು ಸುಖ. ಪಾಪ ಅನ್ನಿಸಿತು. ಆದರೆ ರೂಲು ರೂಲೇ.

ಜನವರಿ 13, ಶನಿವಾರ

ಶಗುಫ್ತಾಳ ಮನೆಗೆ ಹೋಗಿ ರೂಲು ಕಲಿಸಿ ಬಂದೆ. ನೂರಜಹಾನರಿಗೆ ಕಣ್ಣಿಲ್ಲದಿದ್ದರೇನು, ನಾನು ಕಟ್ಟೆ ಹತ್ತುವ ಮೊದಲೇ ಹೆಜ್ಜೆ ಸಪ್ಪಳದಲ್ಲಿ ಗುರುತು ಹಿಡಿದು, "ಪ್ರಮಿಳಾ ಆಯೀ," ಪ್ರಮಿಳಾ ಬಂದಳು ಎಂದು ಮಗಳಿಗೆ ಕೂಗಿ ಹೇಳುತ್ತಾರೆ. ಇವತ್ತೂ ಹೇಳಿದರು.

ಶಗುಫ್ತಾಳ ಪಾಸ್‌ವರ್ಡ್ ಏನೆಂದು ಕೇಳಿದೆ. ಕೇಳಬಾರದಿತ್ತು. ಕೇಳಿದ ಕೂಡಲೇ ಹೇಳಿಬಿಟ್ಟಳು, ಅವಳೂ ಹೇಳಬಾರದಿತ್ತು. ಅಣ್ಣ ಉಜೈರನ ಹೆಸರು. ಬದಲಿಸಲು ಹೇಳಿದೆ. ಬದಲಿಸಿ, ಈಗ ಏನಿಟ್ಟೆ ಗೊತ್ತೇನ್ರಿ ಅಕ್ಕಾ ಎಂದು ಶುರು ಮಾಡಿದಳು. ಬಾಯಿ ಮುಚ್ಚಿಸಿದೆ.

ಯಾರಾದರೂ ಬಂದರೆ ಮೊದಲು ಸ್ಕ್ರೀನ್ ಕಪ್ಪು ಮಾಡು, ಆಮೇಲೆ ಮಾತಾಡಿಸು ಎಂದು ತೋರಿಸಿಕೊಟ್ಟೆ. ನಾನು ಹೊರಗೆ ಹೋಗಿ ಬಾಗಿಲು ಬಡಿಯುವುದು, ಅವಳು ಕಪ್ಪು ಮಾಡುವುದು. ಪ್ರತಿ ಸಲವೂ ಮೊದಲು "ಬರ್ರಿ ಅಕ್ಕಾ" ಎಂದು ಎದ್ದು ಬಂದು, ಆಮೇಲೆ ನೆನಪಾಗಿ ಓಡುತ್ತಿದ್ದಳು.

"ಮೊದಲ ಸ್ಕ್ರೀನ್, ಆಮ್ಯಾಲ ಬರ್ರಿ," ಎಂದೆ.

"ಮನಿಗೆ ಬಂದವರಿಗೆ ಮೊದಲ ಬರ್ರಿ ಅನ್ನೂದ ಅಕ್ಕಾ. ಉಳದದ್ದೆಲ್ಲಾ ಆಮ್ಯಾಲ," ಎಂದು ನಕ್ಕಳು. ನನಗೂ ನಗು ಬಂತು. ಈ ಹುಡುಗಿಯಿಂದ ನನ್ನ ಕೆಲಸಕ್ಕೆ ಸಂಚಕಾರ ಬರುತ್ತದೋ ಏನೋ ಎಂದೂ ಅನ್ನಿಸಿತು. ಹೊರಡುವಾಗ ಓಣಿಯ ತಿರುವಿನ ತನಕ ಬಂದು ಬಿಟ್ಟು ಹೋದಳು, ಎಂದಿನಂತೆ. ಅಷ್ಟು ಹೊತ್ತೂ ಮಶೀನಿನ ಮುಂದೆ ಯಾರೂ ಇರಲಿಲ್ಲ.

ಜನವರಿ 17, ಬುಧವಾರ

ಊಟ ಸೇರಲಿಲ್ಲ.

ಇವತ್ತಿನ ಕ್ಯಾಸೆಟ್ಟಿನಲ್ಲಿ ಹೃದಯದ ಡಾಕ್ಟರು ಖಾನಾಪುರದ ಡಾಕ್ಟರರಿಗೆ ಬರೆಸಿದ ಪತ್ರ ಒಂದಿತ್ತು. ಪೇಶಂಟಿನ ಹೆಸರು, ವಯಸ್ಸು, ನಮ್ಮ ಓಣಿಯ ವಿಳಾಸ. ಪಕ್ಕದ ಮನೆಯ ಭೀಮಕ್ಕನ ಮಗಳು ಕಾಂತಾ. ಹೃದಯದ ಕವಾಟ ಕಿರಿದಾಗಿದೆಯಂತೆ. ಆಪರೇಶನ್ ಆಗುವ ತನಕ ಭಾರ ಎತ್ತಬಾರದು, ಬಸಿರಾಗಲೇಬಾರದು, ಬಸಿರಾದರೆ ಜೀವಕ್ಕೆ ಅಪಾಯ. ತಂದೆಗೆ ಎಲ್ಲ ತಿಳಿಸಿದ್ದೇನೆ ಎಂದು ಕೊನೆಯ ಸಾಲು. ಡಾಕ್ಟರ ದನಿಯಲ್ಲಿ ಏರಿಳಿತವಿಲ್ಲ. ಮುಂದಿನ ಪೇಶಂಟಿನ ಹೆಸರು ಹೇಳಲು ಶುರು ಮಾಡಿದರು.

ಕಾಂತಾಳ ಮದುವೆ ನಿಶ್ಚಯವಾಗಿದೆ. ಹುಡುಗ ಹಲಸಿಯವನು, ನೌಕರಿಯಲ್ಲಿದ್ದಾನೆ, ಏಪ್ರಿಲ್‌ನಲ್ಲಿ ಮದುವೆ. ಅವಳ ಅಪ್ಪ ಎಲ್ಲ ಗೊತ್ತಿದ್ದೂ ಮುಚ್ಚಿಟ್ಟು ಮದುವೆ ಮಾಡುತ್ತಿದ್ದಾನೆಯೇ? ನನಗೇಕೆ ಆ ಉಸಾಬರಿ? ನಾನು ಟೈಪು ಮಾಡುವವಳು.

ಪತ್ರವನ್ನು ಶಗುಫ್ತಾಗೆ ಕಳಿಸಿದೆ. ನನ್ನದನ್ನು ಅವಳು, ಅವಳದನ್ನು ನಾನು ತಪ್ಪು ನೋಡಿಯೇ ಮುಂದೆ ಕಳಿಸುವುದು ಪದ್ಧತಿ. ಫೋನಿನಲ್ಲಿ ಅವಳು, "ಅಕ್ಕಾ, ಈ ಹುಡಗಿ…" ಎಂದಳು. "ಫೋನಿನ್ಯಾಗ ಬ್ಯಾಡ," ಎಂದು ಇಟ್ಟುಬಿಟ್ಟೆ.

ನಮ್ಮವರು ಕಾರ್ಖಾನೆಯಿಂದ ಬಂದು ಯಾಕ ಮಾರಿ ಹಿಂಗ ಮಾಡಿ ಎಂದರು. ತಲೆನೋವು ಎಂದೆ. ಗಂಡನಿಗೆ ಸುಳ್ಳು ಹೇಳುವುದೂ ಕೆಲಸದ ಭಾಗವಾಯಿತು.

ಜನವರಿ 19, ಶುಕ್ರವಾರ

ಸಂಕ್ರಾಂತಿಯ ಅರಿಷಿಣ ಕುಂಕುಮ ನಮ್ಮ ಮನೆಯಲ್ಲಿ ಇವತ್ತು. ಓಣಿಯ ಹೆಂಗಸರೆಲ್ಲ ಬರುವವರು, ಬಾಗಿಲು ಹಾಕುವಂತಿಲ್ಲ, ಬೇರೆ ಕೋಣೆಯಿಲ್ಲ. ಬೆಳಗ್ಗೆಯೇ ಮಶೀನಿನ ವಾಯರು ಕಿತ್ತು, ಮೇಲೆ ದೊಡ್ಡ ಚಾದರ ಹೊದಿಸಿ, ಕ್ಯಾಸೆಟ್ಟುಗಳನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟೆ. ಬಂದವರಿಗೆಲ್ಲ ಅದನ್ನೇ ನೋಡುವ ಆಸೆ. "ಕೆಟ್ಟೈತ್ರಿ, ರಿಪೇರಿಗೆ ಹೋಗಬೇಕು," ಎಂದು ಹೇಳಿ ಹೇಳಿ ನನಗೇ ನಿಜವೆನ್ನಿಸಿತು.

ಶಗುಫ್ತಾ ಬಂದು ಕುಸುರೆಳ್ಳು ತಿಂದು ಅತ್ತೆಯ ಹತ್ತಿರ ಹರಟೆ ಹೊಡೆದಳು. ಭೀಮಕ್ಕ ಮಗಳನ್ನು ಕರೆದುಕೊಂಡು ಬಂದಳು. ಕಾಂತಾ ಹೊಸ ಸೀರೆ ಉಟ್ಟು ಚಂದ ಕಾಣುತ್ತಿದ್ದಳು. ಅಷ್ಟರಲ್ಲಿ ನಳ ಬಂತೆಂದು ಹೊರಗೆ ಯಾರೋ ಕೂಗಿದರು. ಕಾಂತಾ ಸರಸರ ಹೋಗಿ ನಮ್ಮ ಕೊಡವನ್ನೂ ತಾನೇ ತುಂಬಿ ಸೊಂಟದ ಮೇಲೆ ಹೊತ್ತು ಬಂದಳು. ನಾನು ಅರಿಷಿಣದ ಬಟ್ಟಲು ಕೆಳಗಿಟ್ಟು ಹೋಗಿ ಅವಳ ಕೈಯಿಂದ ಕೊಡ ಇಸಿದುಕೊಂಡೆ. ಬಂದ ಮುತ್ತೈದೆಯರನ್ನು ಬಿಟ್ಟು ಕೊಡದ ಹಿಂದೆ ಓಡಿದಳೆಂದು ಅತ್ತೆ ಸಂಜೆಯ ತನಕ ಗೊಣಗಿದರು. ಕಾಂತಾ ನನಗೆ ಕುಸುರೆಳ್ಳು ಕೊಡುವುದನ್ನೂ ಮರೆತು ಬೇಗ ಎದ್ದು ಹೋದಳು.

ಅಂತೂ ಯಾರ ಕಣ್ಣಿಗೂ ಒಂದಕ್ಷರ ಬೀಳಲಿಲ್ಲ. ಬಾಳಾಸಾಹೇಬರು ಇದನ್ನು ನೋಡಬೇಕಿತ್ತು.

ಜನವರಿ 22, ಸೋಮವಾರ

ಆಫೀಸು. ಹೊಸ ಪಾಸ್‌ವರ್ಡ್. ಬಸ್ಸಿನಲ್ಲಿ ಕಾಂತಾ ಇದ್ದಳು, ಒಬ್ಬಳೇ. ಮದುವೆಯ ಸೀರೆಗೆ ಹೊರಟೆಯಾ ಎಂದರೆ, "ಕೆಲಸ ಐತ್ರಿ ವೈನಿ," ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದಳು. ನಾನೂ ಮಾತು ಬೆಳೆಸಲಿಲ್ಲ. ಬಾಜುಕ್ಕೆ ಶಗುಫ್ತಾ ಇದ್ದಳು, ಅವಳು ಏನಾದರೂ ಅಂದುಬಿಟ್ಟಾಳೆಂದು ಇಳಿಯುವ ತನಕ ಅವಳ ಮೊಣಕೈ ಹಿಡಿದೇ ಕುಳಿತಿದ್ದೆ.

ಜನವರಿ 31, ಬುಧವಾರ

ರಥಸಪ್ತಮಿ. ಹೋಳಿಗೆ ಮಾಡಿದ್ದೆ, ಅದು ಹಾಗೆಯೇ ಉಳಿದಿದೆ.

ಮಧ್ಯಾಹ್ನ ಭೀಮಕ್ಕ ಅಳುತ್ತ ಬಂದಳು. ಹಲಸಿಯವರು ಹೇಳಿ ಕಳಿಸಿದ್ದಾರೆ, ಮದುವೆ ಬೇಡ ಎಂದು. ಹುಡುಗಿಯ ಹೃದಯದಲ್ಲಿ ದೋಷವಿದೆ ಎಂದು ಅವರಿಗೆ ಗೊತ್ತಾಗಿದೆ.

"ನಮ್ಮ ಮನ್ಯಾಗ ನಮ್ಮಿಬ್ಬರನ್ನ ಬಿಟ್ಟ ಯಾರಿಗೂ ಗೊತ್ತಿದ್ದಿಲ್ಲವಾ ಪ್ರಮಿಳಾ. ದವಾಖಾನಿಯವರ ಯಾರೋ ಬಾಯಿ ಬಿಟ್ಟಾರ. ಅದನ್ನ ಹೇಳಿದ ಬಾಯಿಗಿ ಹುಳಾ ಬೀಳ್ಲಿ. ಬರದ ಕೈ ಸೇದ ಹೋಗ್ಲಿ."

ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ಭೀಮಕ್ಕನಿಗೆ ನಾನು ಕಂಪ್ಯೂಟರಿನಲ್ಲಿ ಏನೋ ಇಂಗ್ಲಿಷ್ ಬರೆಯುತ್ತೇನೆಂದು ಗೊತ್ತೇ ಹೊರತು ಏನು ಬರೆಯುತ್ತೇನೆಂದು ಗೊತ್ತಿಲ್ಲ. ಚಾದರ ಹೊದ್ದ ಮಶೀನಿನ ಪಕ್ಕದಲ್ಲೇ ಕುಳಿತು ಅತ್ತಳು. ನೀರು ಕೊಟ್ಟರೆ ಕುಡಿದು, ನೀನೊಬ್ಬಳು ಸಿಕ್ಕಿದ್ದಕ್ಕೆ ಮನಸ್ಸು ಹಗುರಾಯಿತು ಎಂದು ಹೇಳಿ ಹೋದಳು.

ಫೆಬ್ರುವರಿ 1, ಗುರುವಾರ

ಬಾಳಾಸಾಹೇಬರ ಫೋನು. ಕಾಂತಾಳ ಅಪ್ಪ ಹೃದಯದ ಡಾಕ್ಟರ ಹತ್ತಿರ ಹೋಗಿ ಕೂಗಾಡಿದ್ದಾನೆ. ಡಾಕ್ಟರು ಬಾಳಾಸಾಹೇಬರ ಮೇಲೆ ಕೂಗಾಡಿದ್ದಾರೆ. ಪತ್ರ ಹೋದ ದಾರಿಯಲ್ಲಿ ಖಾನಾಪುರದ ಡಾಕ್ಟರನ್ನು ಬಿಟ್ಟರೆ ಹುಡುಗಿಯ ಊರಿನವರು ನಾವಿಬ್ಬರೇ.

"ನಿಮ್ಮ ಕಡೆಯಿಂದ ಏನರ?" ಎಂದರು.

"ಇಲ್ರಿ ಸರ್. ಗಂಡಗೂ ಹೇಳಿಲ್ಲ."

"ಹಂಗಾರ ಯಾರ ಅಂತ ನೀವ ಹುಡುಕಿ ಹೇಳ್ರಿ. ಇಲ್ಲಂದ್ರ ನಾ ಎರಡೂ ಮಶೀನ ತರಸ್ತೇನಿ."

ಫೋನ್ ಇಟ್ಟ ಮೇಲೆ ಒಂದು ಸಾಲೂ ಟೈಪಾಗಲಿಲ್ಲ.

ಫೆಬ್ರುವರಿ 2, ಶುಕ್ರವಾರ

ಎಲ್ಲರನ್ನೂ ಒಬ್ಬೊಬ್ಬರಾಗಿ ಯೋಚಿಸಿದೆ. ಅತ್ತೆಗೆ ಕನ್ನಡವೇ ಓದಲು ಬರುವುದಿಲ್ಲ. ಆದರೆ ನಾನು ಟೈಪು ಮಾಡುವಾಗ ಬಾಯಿಯಲ್ಲಿ ಗುನುಗುತ್ತೇನೆಯೇ? ಕೇಳಿದರೆ, "ನೀ ಗುನಗೂದು ನನಗ ಯಾಕ ಬೇಕವಾ, ಬಾಗಲಾ ತಗಿ ಮೊದಲ," ಎಂದರು. ನಮ್ಮವರು? ಅವರಿಗೆ ಮನೆಗೆ ಬಂದರೆ ನಿದ್ದೆ. ಫೋನ್ ಲೈನಿನಲ್ಲಿ ಯಾರಾದರೂ ಕದ್ದು ನೋಡಬಹುದೆಂದು ಬಾಳಾಸಾಹೇಬರು ಒಮ್ಮೆ ಹೇಳಿದ್ದರು. ಕದ್ದು ನೋಡುವವರಿಗೆ ಹಲಸಿಯ ವರ ಏನಾಗಬೇಕು?

ಉಳಿದವಳು ಒಬ್ಬಳೇ. ಇನ್ನು ಇಲ್ಲೂ ಅವಳ ಹೆಸರು ಪೂರ್ತಿ ಬರೆಯುವುದಿಲ್ಲ. ಶ. ಎಂದರೆ ನನಗೆ ಗೊತ್ತು, ಸಾಕು.

ಫೆಬ್ರುವರಿ 5, ಸೋಮವಾರ

ಬೆಳಗ್ಗೆ ಬಸ್ಸಿಗೆ ಹೋಗುವಾಗ ಶ.ಳನ್ನು ಕರೆಯುವ ನೆಪದಿಂದ ಹೊತ್ತಿಗೆ ಮೊದಲೇ ಅವಳ ಮನೆಗೆ ಹೋದೆ. ಕೂಗದೆ, ಬಡಿಯದೆ, ಮೆಲ್ಲಗೆ ಹೋದೆ. ನೂರಜಹಾನರಿಗೂ ನನ್ನ ಹೆಜ್ಜೆ ಕೇಳಿಸಲಿಲ್ಲ.

ಬಾಗಿಲು ತೆರೆದೇ ಇತ್ತು. ಮಶೀನಿನ ಮುಂದೆ ಉಜೈರ ಕುಳಿತಿದ್ದ. ಗ್ಯಾರೇಜಿಗೆ ಹೋಗುವ ಮೊದಲು ಇಸ್ಪೀಟಿನ ಆಟ ಆಡುತ್ತಿದ್ದ. ನನ್ನನ್ನು ಕಂಡು, "ಬರ್ರಿ ಅಕ್ಕಾ, ಕುಂದರ್ರಿ," ಎಂದು ನಕ್ಕು ಎದ್ದ. ಇಸ್ಪೀಟು ಆಡುವವನಿಗೆ ಪಾಸ್‌ವರ್ಡ್ ಗೊತ್ತು. ಗೊತ್ತಿದ್ದರೆ ಪತ್ರವನ್ನೂ ನೋಡಬಹುದು. ಗ್ಯಾರೇಜಿನಲ್ಲಿ ನಾಲ್ಕು ಊರಿನ ಮಂದಿ ಬರುತ್ತಾರೆ, ಹಲಸಿಯವರೂ.

ಬಸ್ಸಿನಲ್ಲಿ ಶ. ತನ್ನ ಬುತ್ತಿಯಿಂದ ಅರ್ಧ ಚಪಾತಿ ನನ್ನ ಕೈಗೆ ಇಟ್ಟಳು. ತಿಂದೆ.

ಫೆಬ್ರುವರಿ 6, ಮಂಗಳವಾರ

ಬಾಳಾಸಾಹೇಬರಿಗೆ ಫೋನ್ ಮಾಡಿ ಹೇಳಿದೆ. ಕಂಡದ್ದನ್ನಷ್ಟೇ ಹೇಳಿದೆ.

ಫೆಬ್ರುವರಿ 8, ಗುರುವಾರ

ಶ.ಳ ಮಶೀನು ಒಯ್ದರು. ಟೆಂಪೋ ನಮ್ಮ ಓಣಿಯಲ್ಲೇ ಹಾದು ಹೋಯಿತು. ನಾನು ಬಾಗಿಲು ಹಾಕಿ ಕೆಲಸಕ್ಕೆ ಕುಳಿತಿದ್ದೆ, ಕಿಟಕಿಯ ಸಂದಿನಿಂದ ನೋಡಿದೆ. ಹಗ್ಗ ಕಟ್ಟಿದ ಮಾನಿಟರಿನ ಮೇಲೆ ಶ. ಕಸೂತಿ ಹಾಕಿದ್ದ ಬಟ್ಟೆ ಇನ್ನೂ ಇತ್ತು.

ಸಂಜೆ ಅವಳು ಬಂದು ಬಾಗಿಲು ಬಡಿದಳು. "ಅಕ್ಕಾ," ಎಂದು ಕೂಗಿದಳು. ಕೆಲಸದ ಹೊತ್ತು, ತೆರೆ ಎಂದು ರೂಲಿನಲ್ಲಿ ಇಲ್ಲ. ಅತ್ತೆ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಫೆಬ್ರುವರಿ 12, ಸೋಮವಾರ

ಅವಳ ಪಾಲಿನ ಕ್ಯಾಸೆಟ್ಟೂ ನನಗೇ. ಬಾಳಾಸಾಹೇಬರು ಎಲ್ಲರೆದುರು ನನ್ನನ್ನು ಹೊಗಳಿದರು, ಖಾನಾಪುರದ ಮನೆ ನೋಡಿ ಕಲಿಯಿರಿ ಎಂದು. ನಮ್ಮವರಿಗೆ ಹೇಳಿದೆ.

"ಹೌದು, ನಮ್ಮದು ಈಗ ಮನಿ ಅಲ್ಲ, ಬ್ಯಾಂಕ್ ಆಗೇತಿ," ಎಂದರು. "ನನ್ನ ಬುತ್ತಿ ಚೀಲ ಒಂದ ಚೆಕ್ ಮಾಡೂದು ಬಿಟ್ಟಿ."

ಜೋರಾಗಿ ಜಗಳವಾಯಿತು. ಅವರಿಗೆ ಗೊತ್ತಿಲ್ಲ, ಬೆಳಗ್ಗೆ ಬುತ್ತಿ ಕಟ್ಟುವಾಗ ನಾನು ಚೀಲವನ್ನು ಝಾಡಿಸಿಯೇ ನೋಡಿದ್ದೆ.

ಫೆಬ್ರುವರಿ 16, ಶುಕ್ರವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಮಧ್ಯಾಹ್ನ ಕಾಂತಾ ಬಂದಳು. ಸ್ಕ್ರೀನ್ ಕಪ್ಪು ಮಾಡಿ, ಚಾದರ ಹೊದಿಸಿ ತೆರೆದೆ. ಒಳಗೆ ಬಂದವಳೇ, "ಬಾಗಲಾ ಹಾಕ್ರಿ ವೈನಿ," ಎಂದಳು. ಬಾಗಿಲು ಹಾಕು ಎಂದು ಈ ಓಣಿಯಲ್ಲಿ ನನಗೆ ಹೇಳಿದವಳು ಅವಳೊಬ್ಬಳೇ.

ನೆಲದ ಮೇಲೆ ಕುಳಿತು, ಚಾಪೆಯ ಅಂಚು ಹಿರಿಯುತ್ತ ಕೇಳಿದಳು. "ಅರಿಷಿಣ ಕುಂಕುಮದ ದಿನಾ ನನ್ನ ಕೈಯಾಗಿನ ಕೊಡಾ ಯಾಕ ಇಸಗೊಂಡ್ರಿ?"

ನನಗೆ ಮೊದಲು ಯಾವ ಕೊಡವೆಂದೇ ನೆನಪಾಗಲಿಲ್ಲ.

"ಅವ್ವ ಹ್ವಾದ ತಿಂಗಳಿಂದ ನನಗ ಏನೂ ಎತ್ತಗೊಡೂದಿಲ್ಲ. ಮದವಿ ಹುಡಗಿ ಅಂತ ಲಾಡ ಮಾಡಾಕತ್ತಾಳ ಅನಕೊಂಡಿದ್ದೆ. ದವಾಖಾನ್ಯಾಗ ರಕ್ತ ಕಡಿಮಿ ಐತಿ ಅಂತ ಹೇಳಿದ್ರು ಅಪ್ಪ. ಆವತ್ತ ನೀವು ಅಷ್ಟ ಮಂದಿ ಬಿಟ್ಟ ಓಡಿ ಬಂದ್ರಿ. ಕೊಡಾ ಇಸಗೊಳ್ಳೂ ಮುಂದ ನಿಮ್ಮ ಮಾರಿ ನೋಡಿದೆ. ರೋಗಿನ್ನ ನೋಡಿದಂಗ ನೋಡಿದ್ರಿ. ನನಗ ಎದಿ ಝಲ್ ಅಂತು."

ಅವಳಿಗೇ ಗೊತ್ತಿರಲಿಲ್ಲ. ತಂದೆಗೆ ತಿಳಿಸಿದ್ದೇನೆ ಎಂದು ಡಾಕ್ಟರು ಬರೆಸಿದ್ದನ್ನು ನಾನೇ ಟೈಪು ಮಾಡಿದ್ದೆ. ಮಗಳಿಗೆ ತಿಳಿಸಿದ್ದೇನೆ ಎಂದು ಅದರಲ್ಲಿ ಇರಲಿಲ್ಲ.

ಬಸ್ಸಿನಲ್ಲಿ ಸಿಕ್ಕಿದ್ದ ಆ ಸೋಮವಾರ ಅವಳು ಬೆಳಗಾವಿಯಲ್ಲಿ ಬೇರೆಯೇ ಒಂದು ದವಾಖಾನೆಗೆ ಹೋಗಿ ತೋರಿಸಿಕೊಂಡಿದ್ದಳು. ಅಲ್ಲಿಯವರು ಎಲ್ಲ ಹೇಳಿದರು. ಮುಂದಿನ ವಾರ ಹಲಸಿಗೆ ಹೋಗಿ, ಗುಡಿಯ ಕಟ್ಟೆಯ ಮೇಲೆ ಕುಳಿತು, ಆ ಹುಡುಗನಿಗೆ ತಾನೇ ಹೇಳಿದಳು.

"ನೀನ ಹೇಳಿದೇನ?"

"ಮತ್ತ್ಯಾರ ಹೇಳ್ತಾರ? ಅಂವಾ ಒಳ್ಳೆಂವ ಅದಾನ್ರಿ. ಅವರ ಮನ್ಯಾಗ ಒಪ್ಪಲಿಲ್ಲ. ಅಪ್ಪಗ ನಾನ ಹೇಳೇನಿ ಅಂತ ಗೊತ್ತಿಲ್ಲ, ಗೊತ್ತಾದ್ರ ಹೊಡೀತಾರ. ಆದ್ರೂ ಆಪರೇಶನ್ ಮಾಡಿಸ್ಕೊಂಡ ಬಿಡತೇನ್ರಿ. ಸೋದರಮಾವ ಕರಕೊಂಡ ಹೋಗ್ತೇನಿ ಅಂದಾನ." ಆಮೇಲೆ ತಲೆಯೆತ್ತಿ ಕೇಳಿದಳು. "ವೈನಿ, ನಿಮಗ ಹೆಂಗ ಗೊತ್ತಾತು?"

ಚಾದರದ ಕಡೆ ಕಣ್ಣು ಹೋಗದಂತೆ ನೋಡಿಕೊಂಡೆ. ಅತ್ತೆ ಮಂಚದ ಮೇಲಿಂದ ಹೇಳಿದರು, "ಆಕಿಗೇನ ಗೊತ್ತಿರತೈತಿ ಬಿಡು. ಆಕಿ ಮಾರಿನ ಹಂಗ, ಎಲ್ಲಾರನ್ನೂ ಕಂಡು ಮರಗತೈತಿ." ಕಾಂತಾ ನಂಬಿದಳೋ ಇಲ್ಲವೋ. ಹೋಗುವಾಗ ನನ್ನ ಕೈ ಹಿಡಿದು ಒತ್ತಿದಳು.

ಅಂದರೆ ಶಗುಫ್ತಾ ಏನೂ ಮಾಡಿಲ್ಲ. ಉಜೈರ ಇಸ್ಪೀಟು ಆಡಿದ್ದಾನೆ, ಅಷ್ಟೇ. ಅಗುಳಿ, ಚಾದರ, ಪಾಸ್‌ವರ್ಡ್, ಅಕ್ಕಿ ಡಬ್ಬಿ ಎಲ್ಲ ಇದ್ದೂ ಮಾತು ಹೊರಬಿದ್ದದ್ದು ಈ ಮುಖದಿಂದ. ಆ ಕೊಡ ಇಸಿದುಕೊಳ್ಳದೆ ಇದ್ದಿದ್ದರೆ ಏಪ್ರಿಲ್‌ನಲ್ಲಿ ಅವಳ ಮದುವೆಯಾಗುತ್ತಿತ್ತು, ಮುಂದಿನ ವರ್ಷ ಏನಾಗುತ್ತಿತ್ತೋ. ನಾನು ಮಾಡಿದ್ದು ಸರಿಯೋ ತಪ್ಪೋ ನನಗೆ ತಿಳಿಯದು. ಶಗುಫ್ತಾಗೆ ಮಾಡಿದ್ದು ಮಾತ್ರ ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಫೆಬ್ರುವರಿ 17, ಶನಿವಾರ

ಸೋಮವಾರದ ತನಕ ತಡೆಯಲಾಗದೆ ಬೆಳಗಾವಿಗೆ ಹೋದೆ. ಬಾಳಾಸಾಹೇಬರಿಗೆ ಎಲ್ಲ ಹೇಳಿದೆ. ಹುಡುಗಿ ಸ್ವತಃ ಹೇಳಿದ್ದನ್ನು ಡಾಕ್ಟರಿಗೆ ಹೇಳಬೇಡಿ, ಅವಳ ಅಪ್ಪನಿಗೆ ಮುಟ್ಟುತ್ತದೆ ಎಂದೂ ಬೇಡಿಕೊಂಡೆ. ಅವರು ಪೆನ್ನು ಹಿಡಿದುಕೊಂಡು ಕೇಳಿದರು, ಒಂದಕ್ಷರ ಬರೆಯಲಿಲ್ಲ.

"ಕೊಡಾ ಇಸಗೊಂಡಿದ್ದು. ಇದನ್ನ ಯಾವ ರೂಲಿನ್ಯಾಗ ಹಾಕ್ಲಿ ಪ್ರಮಿಳಾತಾಯಿ? ಮಾರಿಗೆ ಪಾಸ್‌ವರ್ಡ್ ಹಾಕಾಕ ಬರತೈತೇನ?"

ನಗಲಿಲ್ಲ. ನಾನೂ ನಗಲಿಲ್ಲ. ನನ್ನ ಮಶೀನು ಒಯ್ಯಿರಿ, ಅವಳದು ಕೊಡಿ ಎಂದೆ.

"ಎರಡೂ ಇರ್ಲಿ. ನಮ್ಮ ಮಶೀನಿಂದ ಹೋಗಿಲ್ಲ ಅಂತ ಡಾಕ್ಟರಿಗೆ ಹೇಳ್ತೇನಿ. ಅದು ಖರೇನ ಐತಿ." ಆಮೇಲೆ ಕೇಳಿದರು, "ಆ ಶಗುಫ್ತಾ ಪೋರಿಗೆ ಏನ ಹೇಳೂಣು?"

ನಾನೇ ಹೇಳುತ್ತೇನೆ ಎಂದೆ.

ಫೆಬ್ರುವರಿ 24, ಶನಿವಾರ

ಮಶೀನು ಶಗುಫ್ತಾಳ ಮನೆಗೆ ಬಂದು ಮೂರು ದಿನವಾಯಿತು. ಇವತ್ತು ಧೈರ್ಯ ಮಾಡಿ ಹೋದೆ. ಹೋಳಿಗೆ ಮಾಡಿ ಒಯ್ದಿದ್ದೆ, ಹೊಸ ಚೀಲದಲ್ಲಿ.

ಬಾಗಿಲು ಹಾಕಿತ್ತು. ಆ ಮನೆಯ ಬಾಗಿಲು ಹಗಲು ಹಾಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ಒಳಗೆ ಟೈಪು ಮಾಡುವ ಸಪ್ಪಳ ಕೇಳುತ್ತಿತ್ತು. ಬಡಿದೆ. ಸಪ್ಪಳ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಗುಳಿ ಸರಿಯಿತು. ಶಗುಫ್ತಾ ನಿಂತಿದ್ದಳು, ಹಿಂದೆ ಸ್ಕ್ರೀನ್ ಕಪ್ಪಾಗಿತ್ತು.

"ಬರ್ರಿ. ಕುಂದರ್ರಿ," ಎಂದಳು.

ಕುಳಿತೆ. ಕ್ಯಾಸೆಟ್ಟುಗಳೆಲ್ಲ ಕಬಾಟಿನಲ್ಲಿ, ಕಬಾಟಿಗೆ ಕೀಲಿ. ಮಶೀನಿನ ಮೇಲೆ ಕಸೂತಿಯ ಬಟ್ಟೆ ಇರಲಿಲ್ಲ. ದಾರಿಯಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮರೆತು ಹೇಗೋ ಹೇಳಿದೆ, ಫೋನ್ ಮಾಡಿದವಳು ನಾನು, ತಪ್ಪು ನನ್ನದು, ಅವತ್ತು ಬಾಗಿಲು ತೆರೆಯದೆ ಇದ್ದದ್ದೂ ಬೇಕೆಂದೇ. ಅವಳು ನೆಲ ನೋಡುತ್ತ ಕೇಳಿಸಿಕೊಂಡಳು.

"ಕಂಡದ್ದ ಹೇಳೀರಿ. ರೂಲ ಪ್ರಕಾರ ಮಾಡೀರಿ," ಎಂದಳು. ದನಿಯಲ್ಲಿ ಏರಿಳಿತವಿರಲಿಲ್ಲ. "ಉಜೈರಗೂ ಈಗ ಮುಟ್ಟಗೊಡೂದಿಲ್ರಿ."

ಚಹಾ ಕೊಟ್ಟಳು. ನಾನು ಕುಡಿಯುವ ತನಕ ಕೈ ಕಟ್ಟಿ ನಿಂತಿದ್ದಳು, ಕಪ್ಪು ಸ್ಕ್ರೀನಿಗೂ ನನಗೂ ನಡುವೆ. ಕೆಲಸ ನಿಂತಿದೆ ಎಂದು ನನಗೇ ತಿಳಿದು ಎದ್ದೆ. ಓಣಿಯ ತಿರುವಿನ ತನಕ ಬರುತ್ತಾಳೇನೋ ಎಂದು ಮೆಲ್ಲಗೆ ಮೆಟ್ಟು ಹಾಕಿಕೊಂಡೆ. ಬರಲಿಲ್ಲ.

ಅವಳು ಬಾಗಿಲು ಹಾಕುವಾಗ ಒಳಗಿನಿಂದ ನೂರಜಹಾನರ ದನಿ ಕೇಳಿಸಿತು. ಮಲಗಿದ್ದವರು ಎದ್ದು ಹೆಜ್ಜೆ ಗುರುತು ಹಿಡಿದಿರಬೇಕು. "ಪ್ರಮಿಳಾ ಆಯೀ ಕ್ಯಾ?"

"ನಹೀಂ ಅಮ್ಮೀ," ಎಂದಳು ಶಗುಫ್ತಾ. "ಆಫೀಸ್‌ವಾಲೇ."